ಇನ್ನೊಬ್ಬಳ ಜ್ವರ

ಇಸ್ಮತ ಕೆಮ್ಮಿದಾಗಲೆಲ್ಲ ಇಂದ್ರಾಬಾಯಿಯ ಕೈ ರೊಟ್ಟಿಯ ಮೇಲೆ ಒಂದು ಬಡಿತ ತಪ್ಪುತ್ತಿತ್ತು. ಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಸಲ ತಪ್ಪುತ್ತಿದ್ದದ್ದು ಆಷಾಢ ಬರುವ ಹೊತ್ತಿಗೆ ಲೆಕ್ಕಕ್ಕೆ ಸಿಗದಂತಾಗಿತ್ತು.

ಸನಮಡಿಯಲ್ಲಿ ಇಂದ್ರಾಬಾಯಿಯ ಮನೆಯ ಹಿತ್ತಲಿಗೆ ತಗಡಿನ ಒಂದು ಚಪ್ಪರ. ಅದರ ಕೆಳಗೆ ಹನ್ನೊಂದು ವರ್ಷಗಳಿಂದ ಇಬ್ಬರೂ ಒಂದೇ ಒಲೆಯ ಮುಂದೆ ಕೂತವರು. ಇಂದ್ರಾಬಾಯಿ ಹಿಟ್ಟು ನಾದಿ ಬಡಿಯಬೇಕು, ಇಸ್ಮತ ಹಂಚಿನ ಮೇಲೆ ನೀರು ಸವರಿ, ತಿರುವಿ, ಬೇಯಿಸಿ ಒಣಗಲು ಇಡಬೇಕು. ದಿನಕ್ಕೆ ಇನ್ನೂರು ಕಡಕ್ ರೊಟ್ಟಿ, ಜತ್ತದ ಖಾನಾವಳಿಗಳಿಗೆ. ಶುರುವಿನ ವರ್ಷ ಊರು ಮೂಗು ಮುರಿಯಿತು, ಶರಣರ ಮನೆಯ ಹೆಂಗಸಿಗೂ ಸಾಬರ ಮನೆಯ ಹೆಂಗಸಿಗೂ ಒಂದೇ ಹಂಚೇ ಎಂದು. ಎರಡನೆಯ ವರ್ಷ ರೊಟ್ಟಿ ತಿಂದು ಸುಮ್ಮನಾಯಿತು.

"ದವಾಖಾನಿಗೆ ಹೋಗೂಣು ನಡಿ ಅಂದ್ರ ಒಲ್ಲೆ ಅಂತಿ," ಎಂದಳು ಇಂದ್ರಾಬಾಯಿ.

"ಹಿಟ್ಟಿನ ಧೂಳಿಗೆ ಔಷಧ ಎಲ್ಲೈತಿ ಇಂದ್ರಕ್ಕಾ? ಗಿರಣಿ ಶಿದ್ರಾಯ ಮೂವತ್ತ ವರ್ಷದಿಂದ ಕೆಮ್ಮಾಕತ್ತಾನ. ಸತ್ತಾನೇನು?"

"ಅವ ಬೀಡಿ ಸೇದತಾನ."

"ಹಂಗಾರ ನಾನೂ ಸೇದತೀನಿ ತಗೋ. ಕೆಮ್ಮಿಗೆ ಒಂದ ಕಾರಣಾದ್ರೂ ಸಿಗತೈತಿ."

ಇಸ್ಮತಳ ಜೊತೆ ಮಾತು ಯಾವಾಗಲೂ ಹೀಗೆಯೇ. ಎದುರಿಗಿದ್ದವರು ನಗುವಷ್ಟರಲ್ಲಿ ಅವಳು ಮಾತಿನಿಂದ ಜಾರಿಕೊಂಡು ಬೇರೆ ಓಣಿಗೆ ಹೋಗಿರುತ್ತಿದ್ದಳು. ಆದರೆ ಅವಳ ಕುಪ್ಪಸದ ತೋಳು ಸಡಿಲವಾದದ್ದನ್ನು, ಬಳೆಗಳು ಮೊಣಕೈಯವರೆಗೆ ಏರುತ್ತಿದ್ದದ್ದನ್ನು ಇಂದ್ರಾಬಾಯಿ ನೋಡಿದ್ದಳು. ಏಕೆ ಒಲ್ಲೆ ಎನ್ನುತ್ತಾಳೆಂಬುದೂ ಅವಳಿಗೆ ಗೊತ್ತಿತ್ತು. ಇಸ್ಮತಳ ಮಗಳು ನಿಖತಳಿಗೆ ವಿಜಯಪುರದ ಕಡೆ ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿ ಆಗಿತ್ತು. ಇಸ್ಮತಳ ತಾಯಿ ಸತ್ತದ್ದು ಕೆಮ್ಮಿಯೇ. ಅವಳು ಹಾಸಿಗೆ ಹಿಡಿದ ವರ್ಷ ಆ ಮನೆಯ ಹೆಣ್ಣನ್ನು ಕೇಳಿಕೊಂಡು ಬಂದಿದ್ದ ಎರಡು ಮನೆಯವರು ನೀರು ಕೂಡ ಕುಡಿಯದೆ ಎದ್ದು ಹೋಗಿದ್ದರು. ಆ ಹೆಣ್ಣು ಇಸ್ಮತಳೇ. ಈ ಮಾತನ್ನು ಅವಳು ಒಮ್ಮೆ ಮಾತ್ರ ಹೇಳಿದ್ದಳು, ಹಂಚಿನ ಕಡೆ ಮುಖ ಮಾಡಿಕೊಂಡು.

ಇಂದ್ರಾಬಾಯಿಯ ಮೈಗೂ ತನ್ನದೇ ಒಂದು ಗುಟ್ಟಿತ್ತು. ನಲವತ್ತೊಂಬತ್ತು ತುಂಬಿದ ಮೇಲೆ ಶುರುವಾದದ್ದು. ಕೂತಲ್ಲಿ ನಿಂತಲ್ಲಿ ಎದೆಯಿಂದ ಒಂದು ಬಿಸಿ ಎದ್ದು ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಏರುವುದು. ಬೆನ್ನಿನ ಮೇಲೆ ಬೆವರು ಇಳಿಯುವುದು. ಹತ್ತು ನಿಮಿಷಕ್ಕೆ ಏನೂ ಆಗಿರದಂತೆ ಮೈ ತಣ್ಣಗಾಗಿ ನಡುಗುವುದು. ಜತ್ತದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ ಏನೂ ಇಲ್ಲ ಎಂದರು. ಗಂಡ ಅಪ್ಪಾಸಾಹೇಬ ಕೆಟ್ಟವನಲ್ಲ, ಕಾಳಿನ ಅಂಗಡಿಯ ಮನುಷ್ಯ. ತಕ್ಕಡಿಯಲ್ಲಿ ಇಡಲು ಬರುವುದನ್ನು ಮಾತ್ರ ನಂಬುವವನು. "ಒಲಿ ಮುಂದ ಕುಂತ್ರ ಬಿಸಿ ಆಗೂದಿಲ್ಲ ಅಂದ್ರ ಏನ ಬರ್ಫ ಆಗ್ತಿ?" ಎಂದು ನಕ್ಕುಬಿಟ್ಟಿದ್ದ. ಆ ಮೇಲೆ ಅವಳು ಯಾರಿಗೂ ಹೇಳಲಿಲ್ಲ. ಇಸ್ಮತಳಿಗೂ ಹೇಳಿರಲಿಲ್ಲ. ಆದರೆ ಬಿಸಿ ಏರಿದಾಗ ಇಸ್ಮತ ಏನೂ ಕೇಳದೆ ಜೋಳ ಕೇರುವ ಮರವನ್ನು ಎತ್ತಿ ಗಾಳಿ ಹಾಕುತ್ತಿದ್ದಳು. ಇಳಿದ ಮೇಲೆ ಮರ ಕೆಳಗಿಟ್ಟು ಮತ್ತೆ ರೊಟ್ಟಿ ತಿರುವುತ್ತಿದ್ದಳು.

ಆಷಾಢದ ಕೊನೆಯ ವಾರ ವಿಜಯಶ್ರೀ ಬಂದಳು. ಡಫಳಾಪುರದಲ್ಲಿದ್ದ ಇಂದ್ರಾಬಾಯಿಯ ಅಣ್ಣನ ಮಗಳು, ಕೊಲ್ಲಾಪುರದಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಚೀಲದಿಂದ ಒಂದು ಚಪ್ಪಟೆ ಡಬ್ಬಿ ತೆಗೆದು, ಅದರೊಳಗಿಂದ ಚಿಮಟಿಯಲ್ಲಿ ಏನನ್ನೋ ಎತ್ತಿ ತೋರಿಸಿದಳು. ಉಳ್ಳಾಗಡ್ಡಿಯ ಒಳಪದರಿನಷ್ಟು ತೆಳ್ಳಗಿನ, ಎರಡು ಬೆರಳಗಲದ ಪಟ್ಟಿ. ಒಳಗೆ ಬೆಳ್ಳಿಯ ಎಳೆಗಳು ಹಾವಿನಂತೆ ಅಂಕುಡೊಂಕಾಗಿ ಓಡಿದ್ದವು. ಒಂದು ಮೂಲೆಗೆ ಕುಪ್ಪಸದ ಗುಂಡಿಯಷ್ಟು ದೊಡ್ಡ ಗುಂಡಿ.

"ಇದು ಪ್ಲಾಸ್ಟಿಕ್ಕೇನ?" ಎಂದಳು ಇಸ್ಮತ.

"ಅದರ ಬಳಗನ ಅನ್ರಿ ಮೌಶಿ, ಪಾಲಿಮರ್ ಅಂತಾರ. ಬಿಸಿ ತಾಕಿದ್ರ ಇದರ ಒಳಗಿನ ಎಳಿ ಹಿಗ್ಗತಾವ, ಕರೆಂಟಿಗೆ ಹಾದಿ ಕಡಿಮಿ ಆಗತೈತಿ. ತಣ್ಣಗಾದ್ರ ಮತ್ತ ಕೂಡಕೋತಾವ. ಎಷ್ಟ ಹಿಗ್ಗಿತು ಅನ್ನೂದರ ಮ್ಯಾಲ ಎಷ್ಟ ಬಿಸಿ ಅಂತ ಗುಂಡಿ ಬರಕೋತೈತಿ. ಚರ್ಮ ಎಳದಂಗ ಎಳೀತೈತಿ, ಮಡಚಿದಂಗ ಮಡಚತೈತಿ."

"ಕರೆಂಟ ಹೊಡೀತೈತೇನು?"

"ಇಲ್ರಿ. ಕೈಗಡಿಯಾರದಾಗಿನ ಶೆಲ್ಲಿಗಿಂತಾ ಕಡಿಮಿ."

ಅವಳ ಗೈಡ್ ಮೇಡಮ್ಮಿಗೆ ಒಂದು ಅನುಮಾನವಿತ್ತು. ಪ್ರಯೋಗಶಾಲೆಯಲ್ಲಿ ತಣ್ಣಗೆ ಕೂತ ಹುಡುಗರ ತೋಳಿನ ಮೇಲೆ ಪಟ್ಟಿ ನಿಲ್ಲುತ್ತದೆ, ಬೆವರಿ ದುಡಿಯುವವರ ತೋಳಿನ ಮೇಲೆ ನಿಂತೀತೇ? ಅದಕ್ಕೆಂದೇ ವಿಜಯಶ್ರೀ ಒಲೆಯ ಮುಂದೆ ದುಡಿಯುವ ಹತ್ತು ಮಂದಿಯನ್ನು ಹುಡುಕಿದ್ದಳು. ಪ್ರತಿಯೊಬ್ಬರೂ ಎರಡು ವಾರ ಪಟ್ಟಿ ತೆಗೆಯದೆ ಇರಬೇಕು. ಒಂಬತ್ತು ಮಂದಿ ಸಿಕ್ಕಿದ್ದರು, ಹತ್ತನೆಯವಳು ಅತ್ತೆ. ಇಂದ್ರಾಬಾಯಿ ಮರಾಠಿಯಲ್ಲಿದ್ದ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, ಎರಡು ಸಲ ಕೇಳಿ, ಸಹಿ ಮಾಡಿದಳು.

ವಿಜಯಶ್ರೀ ಪಟ್ಟಿಯನ್ನು ಅತ್ತೆಯ ಎಡತೋಳಿಗೆ, ಕುಪ್ಪಸದ ತೋಳು ಮುಗಿಯುವಲ್ಲಿಟ್ಟು ಅಂಗೈ ಮುಚ್ಚಿ ನೂರರವರೆಗೆ ಎಣಿಸಿದಳು. ಮೈಯ ಬಿಸಿಗೆ ಪಟ್ಟಿ ಅಂಟಿಕೊಂಡಿತು.

"ಒಂದು ಪದರು ಹೊರಗಿನ ಗಾಳಿ ಬಿಸಿ ನೋಡತೈತಿ, ಇನ್ನೊಂದು ನಿನ್ನ ಮೈ ಬಿಸಿ. ಒಲಿದು ಯಾವುದು, ನಿನ್ನದು ಯಾವುದು ಅಂತ ತಿಳೀತೈತಿ. ಬೆವರಿದ್ರ ಏನೂ ಆಗೂದಿಲ್ಲ, ಬಿಸಿನೀರಿಗೂ ಏನೂ ಆಗೂದಿಲ್ಲ. ಆದ್ರ ಅತ್ತಿ, ತಣ್ಣೀರ ಹಾಕಬ್ಯಾಡ. ತಣ್ಣಗಾತಂದ್ರ ಇದು ತಾನ ಬಿಡತೈತಿ, ಹಂಗ ಮಾಡೇವಿ. ಬಿಡಿಸೂ ದಿನ ಚರ್ಮಾ ಕೀಳಬಾರದಲ್ಲ?"

"ಎರಡ ವಾರಲ್ಲ? ಮಾತ ಕೊಟ್ಟೀನಿ ಹೋಗವ್ವಾ."

ಚಪ್ಪರದ ಗೂಡಿನಲ್ಲಿ ಒಂದು ಸಣ್ಣ ಫೋನು ಇಟ್ಟು ಹೋದಳು. ಗುಂಡಿ ತನ್ನೊಳಗೆ ಬರೆದುಕೊಂಡದ್ದನ್ನು ಫೋನಿನ ಹತ್ತಿರ ಬಂದಾಗ ಅದಕ್ಕೆ ಒಪ್ಪಿಸುತ್ತಿತ್ತು. ಫೋನು ಅದನ್ನು ಕೊಲ್ಲಾಪುರಕ್ಕೆ ಮುಟ್ಟಿಸುತ್ತಿತ್ತು. ಅದು ಮಂಗಳವಾರ.

ಆರು ದಿನ ಏನೂ ತೊಂದರೆಯಾಗಲಿಲ್ಲ. ತೋಳಿನ ಮೇಲೆ ಪಟ್ಟಿ ಇದ್ದದ್ದೇ ಮರೆತುಹೋಯಿತು. ಮರೆತದ್ದೇ ತಪ್ಪಾಯಿತು.

ಏಳನೆಯ ದಿನ ಶ್ರಾವಣದ ಮೊದಲ ಸೋಮವಾರ. ಇಂದ್ರಾಬಾಯಿ ಮದುವೆಯಾಗಿ ಬಂದ ವರ್ಷ ಅವಳ ಅತ್ತೆ ಒಂದು ನೇಮ ಹಾಕಿಕೊಟ್ಟಿದ್ದರು. ಶ್ರಾವಣದ ಸೋಮವಾರ ಹಂಡೆಯ ಬಿಸಿನೀರು ಮುಟ್ಟಬಾರದು. ಹಿಂದಿನ ದಿನ ತುಂಬಿಟ್ಟ ಹರವಿಯ ನೀರಿನಿಂದಲೇ ಜಳಕ ಮಾಡಿ, ಹಣೆಗೆ, ಕೊರಳಿಗೆ, ಎರಡೂ ತೋಳಿಗೆ ಮೂರು ಬೆರಳ ವಿಭೂತಿ ಎಳೆಯಬೇಕು. ಸಂಜೆಯ ಪೂಜೆ ಆಗುವವರೆಗೆ ಅದನ್ನು ಅಳಿಸಬಾರದು. ಅತ್ತೆ ಹೋಗಿ ಎಂಟು ವರ್ಷವಾಗಿದ್ದರೂ ಅವರು ಹಾಕಿದ ನೇಮ ಕೈಯಲ್ಲೇ ಕೂತಿತ್ತು. ತಲೆಯನ್ನು ಕೇಳಿ ಕೈ ಕೆಲಸ ಮಾಡಲಿಲ್ಲ. ಹರವಿಯ ಮಣ್ಣಿನಲ್ಲಿ ಇಡೀ ರಾತ್ರಿ ತಂಪಾದ ನೀರು ಎರಡನೆಯ ತಂಬಿಗೆ ಬಿದ್ದಾಗ ತೋಳಿನಿಂದ ಏನೋ ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಎಲೆ ಉದುರಿದ ಹಾಗೆ, ಸದ್ದಿಲ್ಲದೆ.

ಅವಳು ಅದನ್ನು ಎತ್ತಿಕೊಂಡು ಒದ್ದೆ ಸೀರೆಯಲ್ಲೇ ನಿಂತಳು. ಒರೆಸಿ ಒಣಗಿಸಿ ಒಂದು ಕಡೆ ಇಟ್ಟು ಬಂದು, ಗಾಬರಿಯಲ್ಲಿ ಮತ್ತೆ ಅದೇ ಕೈ ಅದೇ ರೂಢಿಯಂತೆ ವಿಭೂತಿ ಎಳೆಯಿತು. ಎಳೆದ ಮೇಲೆ ನೋಡಿದಳು. ಪಟ್ಟಿ ಇದ್ದ ಜಾಗದ ಮೇಲೆಯೇ ಮೂರು ಗೆರೆ! ಪಟ್ಟಿಯನ್ನು ಅದರ ಮೇಲಿಟ್ಟು ಅಂಗೈ ಮುಚ್ಚಿ ನೂರು ಎಣಿಸಿದಳು. ಇನ್ನೂರು ಎಣಿಸಿದಳು. ಕೈ ತೆಗೆದರೆ ಪಟ್ಟಿ ಅಂಗೈಗೇ ಬಂತು. ಬೂದಿಯ ಮೇಲೆ ಏನು ಅಂಟುತ್ತದೆ? ಬಲತೋಳಿನ ಮೇಲೂ ಅದೇ ಮೂರು ಗೆರೆ.

ಒದ್ದೆ ಅರಿವೆಯಿಂದ ಒಂದು ಸಲ ತೋಳು ಒರೆಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅರಿವೆಯನ್ನು ಕೈಗೂ ತೆಗೆದುಕೊಂಡಳು. ಆದರೆ ಶ್ರಾವಣದ ಮೊದಲ ಸೋಮವಾರ, ಹೊತ್ತು ಹುಟ್ಟುವ ಮೊದಲೇ, ಹಚ್ಚಿದ ವಿಭೂತಿಯನ್ನು ತನ್ನ ಕೈಯಿಂದ ಅಳಿಸಲು ಅವಳಿಂದಾಗಲಿಲ್ಲ. ಅರಿವೆ ಹಿಂಡಿ ಗೂಟಕ್ಕೆ ಹಾಕಿದಳು.

ಅಷ್ಟರಲ್ಲಿ ಹಿತ್ತಲ ಬಾಗಿಲು ದೂಡಿಕೊಂಡು ಇಸ್ಮತ ಬಂದಳು. ಇವಳ ಮುಖ ನೋಡಿ, "ಏನ ಇಂದ್ರಕ್ಕಾ, ದೇವರ ಏನರ ಬೈದನೇನು?" ಎಂದಳು.

ಇಂದ್ರಾಬಾಯಿ ಎಲ್ಲ ಹೇಳಿದಳು. "ಹತ್ತ ಮಂದ್ಯಾಗ ಒಬ್ಬಾಕಿ ನಾ ಅಂತ ವಿಜೂ ಹೇಳಿದ್ಲು. ಮಾತ ಕೊಟ್ಟ ಏಳ ದಿನಾ ಆಗಿಲ್ಲ. ಏನಂತ ಹೇಳ್ಲಿ?"

"ಅದಕ ಇಷ್ಟ ಯಾಕ ಅಳತಿ? ನನ್ನ ತೋಳ ಖಾಲಿ ಐತಿ, ಹಚ್ಚು."

"ನಿನಗ?"

"ಒಲಿ ಒಂದ, ಹಂಚ ಒಂದ. ಬಿಸಿ ಏನ ಹೆಸರ ಕೇಳಿ ಬರತೈತೇನು? ನಾಳಿ ನಿನ್ನ ಬೂದಿ ತೊಳದ ಮ್ಯಾಲ ಮತ್ತ ನಿನಗ ಹಚ್ಚೂಣು. ಅದು ಏನ ಅಳೀತೈತಿ, ಒಲಿ ಬಿಸಿನ ಹೌದಲ್ಲ?"

"ಹೌದು, ಒಲಿ ಬಿಸಿ," ಎಂದಳು ಇಂದ್ರಾಬಾಯಿ.

ಇನ್ನೊಂದು ಪದರಿನ ಮಾತನ್ನು ಅವಳು ಹೇಳಲಿಲ್ಲ. ಇಸ್ಮತ ಅದನ್ನು ವಿಜಯಶ್ರೀಯ ಬಾಯಿಂದಲೇ ಕೇಳಿದ್ದಳು, ಆದರೆ ಆಗ ಒಲೆಗೆ ಕಟ್ಟಿಗೆ ದೂಡುತ್ತಿದ್ದವಳಿಗೆ ಅದು ನೆನಪಿನಲ್ಲಿ ಉಳಿದಂತಿರಲಿಲ್ಲ. ಇಂದ್ರಾಬಾಯಿ ಅವಳ ತೋಳು ಹಿಡಿದು ಪಟ್ಟಿ ಇಟ್ಟು ಅಂಗೈ ಮುಚ್ಚಿದಳು. ತೋಳು ಎಷ್ಟು ಸಣ್ಣದಾಗಿತ್ತೆಂದರೆ ಬೆರಳುಗಳು ಆ ಕಡೆಯಿಂದ ಬಂದು ಹೆಬ್ಬೆರಳಿಗೆ ಮುಟ್ಟಿದವು. ನೂರು ಎಣಿಸುವ ಮೊದಲೇ ಅಂಟಿತು.

ಮಂಗಳವಾರ ಬಂತು. ಇಂದ್ರಾಬಾಯಿಯ ತೋಳು ತೊಳೆದು ಶುದ್ಧವಾಗಿತ್ತು. ಪಟ್ಟಿ ತಿರುಗಿ ಕೊಡು ಎಂದು ಅವಳು ಕೇಳಲಿಲ್ಲ, ಇಸ್ಮತ ನೆನಪು ಮಾಡಲಿಲ್ಲ. ಬುಧವಾರವೂ ಹಾಗೆಯೇ ಕಳೆಯಿತು. ಪದೇ ಪದೇ ಬಿಡಿಸಿದರೆ ಪಟ್ಟಿ ಕೆಟ್ಟೀತು ಎಂದು ಇಂದ್ರಾಬಾಯಿ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳೇನಲ್ಲ. ಪೂರ್ತಿ ಖರೆಯೂ ಅಲ್ಲವೆಂದು, ಹಿಟ್ಟು ನಾದುವಾಗ, ಕೈಗಳಿಗೆ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ, ಬರಬೇಕಾದ ದಿನಕ್ಕಿಂತ ನಾಲ್ಕು ದಿನ ಮೊದಲೇ, ವಿಜಯಶ್ರೀ ಬಂದಳು. ಇಸ್ಮತ ಊಟಕ್ಕೆ ಮನೆಗೆ ಹೋಗಿದ್ದಳು. ಹುಡುಗಿ ಚಪ್ಪಲಿ ಬಿಟ್ಟವಳೇ ಅತ್ತೆಯ ಹಣೆ ಮುಟ್ಟಿ ನೋಡಿದಳು.

"ಅತ್ತಿ, ನಿನಗ ಆರಾಮ ಇಲ್ಲಂತ ಯಾಕ ಹೇಳಲಿಲ್ಲ?"

"ನನಗೇನಾಗೈತಿ?"

ವಿಜಯಶ್ರೀ ಕಂಪ್ಯೂಟರು ತೆಗೆದು ಕಟ್ಟೆಯ ಮೇಲಿಟ್ಟಳು. ಅದರ ಮೇಲೆ ಒಂದು ಗೆರೆ ಏರಿ ಇಳಿದು ಓಡಿತ್ತು.

"ಇದು ಮೊದಲನೇ ವಾರ. ಇಲ್ಲಿ ನೋಡು, ಇಲ್ಲಿ, ಇಲ್ಲಿ. ದಿನಕ್ಕ ನಾಕೈದ ಸಲ ನಿನ್ನ ಮೈ ಭರ್ರಂತ ಬಿಸಿಯಾಗಿ ಹತ್ತ ನಿಮಿಷಕ್ಕ ಇಳದೈತಿ. ಒಲಿ ಆರಿದಾಗೂ ಆಗೈತಿ. ಇದಕ ನಾ ಹೆದರಲಿಲ್ಲ. ಮುಟ್ಟ ನಿಲ್ಲೂ ವಯಸ್ಸಿನಾಗ ಭಾಳ ಮಂದಿಗೆ ಆಗತೈತಿ ಅಂತ ಮೇಡಮ್ಮ ಹೇಳಿದ್ರು. ನಿನಗ ಹಿಂಗಾಗತೈತಿ ಅಂತ ಯಾರಿಗೂ ಗೊತ್ತಿಲ್ಲೇನ?"

ಇಂದ್ರಾಬಾಯಿ ಆ ಗೆರೆಯನ್ನು ನೋಡುತ್ತ ಕೂತಳು. ಎರಡು ವರ್ಷ ಯಾರೂ ನಂಬದಿದ್ದದ್ದು ಅಲ್ಲಿ ಗುಡ್ಡ ಗುಡ್ಡವಾಗಿ ನಿಂತಿತ್ತು. ತೊಡೆಯ ಮೇಲಿದ್ದ ಕೈ ತಾನಾಗಿ ಎದ್ದು ಒಂದು ಗುಡ್ಡವನ್ನು ಮುಟ್ಟಿತು.

"ಆದ್ರ ಸೋಮವಾರದಿಂದ ಗುಡ್ಡ ಒಂದೂ ಇಲ್ಲ," ಎಂದಳು ವಿಜಯಶ್ರೀ, ಗೆರೆಯನ್ನು ಮುಂದೆ ಸರಿಸಿ. "ದಿನಾ ಸಂಜಿಮುಂದ ಬಿಸಿ ಸಣ್ಣಗ ಏರತೈತಿ. ಹೊರಗಿನ ಗಾಳಿ ತಣ್ಣಗ ಐತಿ, ಒಲಿ ಆರೈತಿ, ಆದ್ರೂ ಏರತೈತಿ. ನಸಿಕಿನ್ಯಾಗ ಬೆವತ ಇಳೀತೈತಿ. ನಾಕೂ ದಿನಾ ಹಿಂಗ. ಪಟ್ಟಿ ಕೆಟ್ಟೈತಿ ಅಂತ ಮೊದಲ ತಿಳಕೊಂಡೆ. ಎರಡ ಸಲ ತಪಾಸ ಮಾಡಿದೆ, ಕೆಟ್ಟಿಲ್ಲ. ಅತ್ತಿ, ನಾ ಡಾಕ್ಟರ ಅಲ್ಲ. ಇದು ಯಾವ ಜ್ವರ ಅಂತ ಪಟ್ಟಿ ಹೇಳೂದಿಲ್ಲ. ಜ್ವರ ಐತಿ ಅಂತ ಅಷ್ಟ ಹೇಳತೈತಿ. ನಾಳಿನ ದವಾಖಾನಿಗೆ ನಡಿ."

ಇಂದ್ರಾಬಾಯಿಗೆ ಮೊದಲು ಬಂದದ್ದು ಹಗುರವಾದ ಒಂದು ಉಸಿರು. ಇದು ನನ್ನದಲ್ಲ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಯಾರದು ಎಂಬುದು ಗೊತ್ತಿದ್ದವಳು ಈ ಊರಲ್ಲಿ ಅವಳೊಬ್ಬಳೇ. ಈಗ ಸುಮ್ಮನಿದ್ದರೆ ಮಾತು ಉಳಿಯುತ್ತದೆ, ಇಸ್ಮತಳ ಗುಟ್ಟೂ ಉಳಿಯುತ್ತದೆ. ಇಸ್ಮತ ಉಳಿಯುತ್ತಾಳೋ ಇಲ್ಲವೋ.

ಅವಳು ಎಡತೋಳಿನ ಸೆರಗು ಸರಿಸಿ ತೋರಿಸಿದಳು. ತೋಳು ಬರಿದಾಗಿತ್ತು.

ವಿಜಯಶ್ರೀ ಆ ತೋಳನ್ನು ಹಿಡಿದು ತಿರುಗಿಸಿ ನೋಡಿದಳು. ಹರವಿಯ ನೀರು, ವಿಭೂತಿ, ಇಸ್ಮತಳ ತೋಳು, ಎಲ್ಲವನ್ನೂ ಕೇಳಿ, ಕೊನೆಗೆ ಮುಖ ಒರೆಸಿಕೊಂಡಳು.

"ನಾಕ ದಿನಾ ಇನ್ನೊಬ್ಬರ ಮೈ ನಿನ್ನ ಹೆಸರಿನ್ಯಾಗ ಬರದೀನಿ ಅತ್ತಿ. ಅವರ ಸಹಿ ಇಲ್ಲ, ಒಪ್ಪಿಗಿ ಇಲ್ಲ. ಇದು ಸಣ್ಣ ತಪ್ಪಲ್ಲ. ನಾ ಇದನ್ನ ಮೇಡಮ್ಮಗ ಹೇಳಬೇಕು, ಅಳಿಸಬೇಕು. ಹತ್ತನೇದಾಕಿದು ಏಳನೇ ದಿನಕ್ಕ ಮುಗೀತು ಅಂತ ಬರೀಬೇಕು."

"ನಿನ್ನ ಎರಡ ವಾರ ಹೋತಲ್ಲ ತಂಗಿ."

"ಹೋತು." ಸಿಟ್ಟಿನ ನಡುವೆಯೇ ಅವಳ ಬಾಯಿಯ ಅಂಚು ಸಡಿಲಾಯಿತು. "ಬೆವರು, ಎಣ್ಣಿ, ಸಾಬಾಣ, ಎಲ್ಲಾ ಹಚ್ಚಿ ನೋಡಿದ್ವಿ. ವಿಭೂತಿ ಮಾತ್ರ ನಮ್ಮ ಯಾರ ತಲ್ಯಾಗೂ ಬರಲಿಲ್ಲ ನೋಡು. ಡಫಳಾಪುರದಾಗ ಹುಟ್ಟಿದಾಕಿ ನನಗಾದ್ರೂ ಬರಬೇಕಿತ್ತು." ಆಮೇಲೆ ಕಂಪ್ಯೂಟರು ಮುಚ್ಚಿದಳು. "ಮೌಶಿಗೆ ಹೇಳವರ ಯಾರು? ನಾನೋ, ನೀನೋ?"

"ನಾ ಹಚ್ಚೀನಿ. ನಾನ ಹೇಳತೀನಿ."

ಸಂಜೆ ನಾಲ್ಕಕ್ಕೆ ಇಸ್ಮತ ಬಂದು ಮರುದಿನದ ಜೋಳ ಹಸನ ಮಾಡಲು ಕೂತಳು. ವಿಜಯಶ್ರೀ ಒಳಗಿದ್ದಳು. ಇಂದ್ರಾಬಾಯಿ ಸುತ್ತು ಬಳಸಲಿಲ್ಲ. ಸುತ್ತು ಬಳಸಿದರೆ ಇಸ್ಮತ ಯಾವುದೋ ಓಣಿಯಲ್ಲಿ ಕಾಣೆಯಾಗುತ್ತಾಳೆ ಎಂಬುದು ಗೊತ್ತಿತ್ತು.

"ನಿನಗ ದಿನಾ ಸಂಜಿಕ ಜ್ವರ ಬರತೈತಿ. ಪಟ್ಟಿ ಹೇಳೈತಿ."

ಇಸ್ಮತಳ ಕೈ ಮರದಲ್ಲೇ ನಿಂತಿತು. "ಅದು ಒಲಿ ಬಿಸಿ ಅಳೀತೈತಿ ಅಂದಿದ್ದಿ."

"ಮೈ ಬಿಸಿನೂ ಅಳೀತೈತಿ. ನಾ ಹೇಳಲಿಲ್ಲ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಚ್ಚಗೋತಿದ್ದಿಲ್ಲ."

ಇಸ್ಮತ ಎದ್ದು ನಿಂತಳು. ಮಡಿಲಲ್ಲಿದ್ದ ಮರದಿಂದ ಜೋಳ ನೆಲಕ್ಕೆ ಚೆಲ್ಲಿತು. "ಹನ್ನೊಂದ ವರ್ಷ! ಹನ್ನೊಂದ ವರ್ಷ ಒಂದ ಗಂಗಾಳದಾಗ ಉಂಡಾಕಿ, ನನ್ನ ತೋಳಿಗೆ ಚಾಡಿಕೋರನ್ನ ಕಟ್ಟಿದಿ? ನಾ ನಿನ್ನ ಮಾತ ಉಳಸಾಕ ತೋಳ ಕೊಟ್ಟೆ, ನೀ ನನ್ನ ಮೈ ಕದ್ದ ನೋಡಿದಿ? ಯಾರ್ಯಾರಿಗೆ ಹೇಳೀದಿ? ಕೊಲ್ಲಾಪುರತನಕಾ ಹೋತೇನು ನನ್ನ ಜ್ವರ?"

"ಹೋಗೈತಿ. ನನ್ನ ಹೆಸರಿನ್ಯಾಗ ಹೋಗೈತಿ."

"ನಿಖತನ ಅತ್ತಿ ಮನ್ಯಾಗ ಗೊತ್ತಾದ್ರ ಏನಾಗತೈತಿ ಗೊತ್ತೈತೇನು ನಿನಗ? ಖಾನಾವಳಿಯವರು ನಿನ್ನ ರೊಟ್ಟಿನೂ ಮುಟ್ಟೂದಿಲ್ಲ. ಅಲ್ಲಾ ಕಸಮ್, ಇದನ್ನ ಈಗ ಹರದ ಒಗೀತೀನಿ!" ಉಗುರಿನಿಂದ ಪಟ್ಟಿಯ ಅಂಚು ಎಬ್ಬಿಸಿ ಎಳೆದಳು. ಪಟ್ಟಿ ಅವಳ ಚರ್ಮವನ್ನೂ ಹಿಡಿದುಕೊಂಡೇ ಎದ್ದಿತು. ನೋವಿಗೆ ಅವಳು ಹಲ್ಲು ಕಚ್ಚಿದಳು. ಕೆಮ್ಮು ಬಂತು. ಕೆಮ್ಮು ಅವಳನ್ನು ಬಗ್ಗಿಸಿತು, ಕಂಬ ಹಿಡಿದು ಕೂತಳು.

"ಎಳೀಬ್ಯಾಡ," ಎಂದಳು ಇಂದ್ರಾಬಾಯಿ. "ಅದು ಬಿಸಿಗೆ ಹಿಡಕೊಂಡೈತಿ, ಜಗ್ಗಿದ್ರ ಬಿಡೂದಿಲ್ಲ."

ಹರವಿಯಿಂದ ಒಂದು ತಂಬಿಗೆ ನೀರು ತಂದು, ಇಸ್ಮತಳ ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸಣ್ಣಗೆ ಧಾರೆ ಬಿಟ್ಟಳು. ಇಸ್ಮತ ಕೈ ಹಿಂದೆಗೆಯಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸಿದಳು. ಅರ್ಧ ತಂಬಿಗೆ ಮುಗಿದಾಗ ಪಟ್ಟಿ ಅಂಚಿನಿಂದ ಬಿಡುತ್ತಾ ಬಂದು ಇಂದ್ರಾಬಾಯಿಯ ಅಂಗೈಗೆ ಜಾರಿತು. ಅದು ಇದ್ದ ಜಾಗ ಕೆಂಪಗಾಗಿತ್ತು. ತೋಳು ಒರೆಸಿದರೂ ಇಂದ್ರಾಬಾಯಿ ಅದನ್ನು ಬಿಡಲಿಲ್ಲ. ಹೊತ್ತು ಇಳಿಯುತ್ತಿತ್ತು. ಕೈಯೊಳಗೆ ಆ ತೋಳು ಆಗಲೇ ಬಿಸಿಯಾಗತೊಡಗಿತ್ತು.

"ನನಗ ಗೊತ್ತಿತ್ತು," ಎಂದಳು ಇಸ್ಮತ ಆ ಕಡೆ ನೋಡುತ್ತಲೇ. "ಜೂನದಿಂದ ಗೊತ್ತಿತ್ತು. ನಸಿಕಿನ್ಯಾಗ ಕುಪ್ಪಸ ಹಿಂಡಬೇಕು ಹಂಗ ಬೆವರತೀನಿ. ನಿಖತನ ಲಗ್ನ ಒಂದ ಆಗಲಿ, ಆಮ್ಯಾಲ ನೋಡೂಣು ಅಂತ ಇದ್ದೆ."

"ಆಮ್ಯಾಲ ನೀ ಇರದಿದ್ರ?"

ಇಸ್ಮತ ಇನ್ನೊಂದು ಕೈಯಿಂದ ನೆಲದ ಜೋಳ ಆರಿಸತೊಡಗಿದಳು.

"ಕೇಳಿಲ್ಲೆ," ಎಂದಳು ಇಂದ್ರಾಬಾಯಿ. "ಜ್ವರ ನನ್ನ ಹೆಸರಿನ್ಯಾಗ ಹೋಗೈತಿ. ಕಾಗದದಾಗಿಂದು ವಿಜೂ ಅಳಸತಾಳ, ಅದು ಅಕಿ ಧರ್ಮ. ಊರಾಗಿಂದು ಹಂಗ ಇರಲಿ. ಇಂದ್ರಾಬಾಯಿಗೆ ಜ್ವರ, ಜತ್ತಕ್ಕ ತೋರಸಾಕ ಹೊಂಟಾಳ, ಇಸ್ಮತ ಜೊತಿಗಿ ಹೊಂಟಾಳ. ಗೊತ್ತಾಗೂತನಕಾ ರೊಟ್ಟಿ ಬಂದ್. ಕೇಳಿದವರಿಗೆ ನನಗ ಮೈಯಾಗ ಚಲೋ ಇಲ್ಲ ಅಂತೀನಿ. ಅಲ್ಲಿ ಇಬ್ಬರೂ ತಪಾಸ ಮಾಡಿಸೂಣು. ಒಂದ ಒಲಿ ಮುಂದ ಕುಂತವರು, ನನಗೂ ಮಾಡಿಸಬೇಕಲ್ಲ. ನಿಮ್ಮವ್ವಗ ಆದ ಜಡ್ಡ ಆಗಿದ್ರೂ ಈಗ ಔಷಧ ಆರ ತಿಂಗಳಂತ, ಪುಕಟ ಕೊಡತಾರಂತ. ನೀ ಇರಬೇಕು ಇಸ್ಮತ. ನನಗ ಗಾಳಿ ಬೀಸಾಕ ಈ ಊರಾಗ ಮತ್ತ್ಯಾರದಾರ?"

"ನಿನ್ನ ರೊಟ್ಟಿ ಯಾರೂ ತಿನ್ನೂದಿಲ್ಲ ಮತ್ತ."

"ತಿನ್ನದಿದ್ರ ಇಬ್ಬರ ಕುಂತ ತಿನ್ನೂಣು. ಇನ್ನೂರಲ್ಲ? ನಿನಗ ನೂರಾ ಹತ್ತು, ಸೊರಗೀದಿ."

ಇಸ್ಮತ ಹುಸ್ಸೆಂದು ಉಸಿರು ಬಿಟ್ಟಳು. ನಗುವೋ ಅಳುವೋ ತಿಳಿಯಲಿಲ್ಲ. ಚೆಲ್ಲಿದ ಜೋಳವನ್ನು ಬಳಿದು ಮರಕ್ಕೆ ಹಾಕಿ ಮನೆಗೆ ಹೋದಳು.

ವಿಜಯಶ್ರೀ ಪಟ್ಟಿ, ಫೋನು ತೆಗೆದುಕೊಂಡು ಸಂಜೆಯ ಬಸ್ಸಿಗೆ ಡಫಳಾಪುರಕ್ಕೆ ಹೋದಳು. ಊಟಕ್ಕೆ ಕೂತಾಗ ಇಂದ್ರಾಬಾಯಿ ಗಂಡನಿಗೆ, ತನಗೆ ಜ್ವರ, ನಾಳೆ ಜತ್ತಕ್ಕೆ ಹೋಗುತ್ತೇನೆ ಎಂದಳು. ಅಪ್ಪಾಸಾಹೇಬನ ತುತ್ತು ಅಲ್ಲೇ ನಿಂತಿತು. "ಯಾವಾಗಿಂದ? ಮೊದಲ ಹೇಳಬಾರದೇನ?" ಎಂದು ಎದ್ದು, ಕೈ ತೊಳೆದು ಬಂದು, ಅಂಜುತ್ತಂಜುತ್ತ ಅವಳ ಹಣೆ ಮುಟ್ಟಿದ. ತಾನೂ ಬರುತ್ತೇನೆಂದ. ಅಂಗಡಿ ಮುಚ್ಚುತ್ತೇನೆಂದ. ಎರಡು ವರ್ಷ ಖರೆಯ ಬಿಸಿಗೆ ನಕ್ಕವನು ಇಲ್ಲದ ಜ್ವರಕ್ಕೆ ಹೀಗೆ ನಡುಗಿದ್ದನ್ನು ಕಂಡು ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಾಪ, ಜ್ವರವೆಂದರೆ ಅವನಿಗೆ ತಿಳಿಯುವ ಮಾತು. "ಇಸ್ಮತ ಬರತಾಳ್ರಿ, ನೀವ ಅಂಗಡಿ ನೋಡ್ರಿ," ಎಂದಳು. ಹೇಳಿದಳೇನೋ ನಿಜ, ಇಸ್ಮತ ಬರುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಮುಂಜಾನೆ ಎಂಟರ ಬಸ್ಸಿಗೆ ರೊಟ್ಟಿಯ ಬುಟ್ಟಿ ಇಲ್ಲದೆ ನಿಲ್ಲುವುದು ವಿಚಿತ್ರವೆನಿಸಿತು. ಬಸ್ಸು ತಿರುವಿನಲ್ಲಿ ಕಂಡಾಗ ಇಸ್ಮತ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. "ರೋಗಿ ಕರಕೊಂಡ ಹೊಂಟಾಕಿ ನಾ. ಜರಾ ಚಂದ ಕಾಣಬೇಕಲ್ಲ," ಎಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು.

ಸರಕಾರಿ ದವಾಖಾನೆಯಲ್ಲಿ ಸಾಲು ಉದ್ದವಿತ್ತು. ಕಿಟಕಿಯ ಹತ್ತಿರ ಬಂದಾಗ ಹಿಂದಿನಿಂದ ಯಾರೋ, "ಏನ್ರಿ ಇಂದ್ರಾಬಾಯಾರ, ಇವತ್ತ ರೊಟ್ಟಿ ಬರಲಿಲ್ಲ?" ಎಂದರು. ಖಾನಾವಳಿಯ ಶಂಕರೆಪ್ಪ. ಸಕ್ಕರೆ ಕಾಯಿಲೆಯ ಗುಳಿಗೆಗೆಂದು ಬಂದು ಮೂರು ಮಂದಿಯ ಹಿಂದೆ ನಿಂತಿದ್ದ. ಹನ್ನೊಂದು ವರ್ಷದ ಗಿರಾಕಿ.

ಇಸ್ಮತಳ ಕೈ ಇಂದ್ರಾಬಾಯಿಯ ಸೆರಗನ್ನು ಹಿಡಿಯಿತು.

"ನನಗ ಜ್ವರ ಬರಾಕತ್ತಾವ್ರಿ," ಎಂದಳು ಇಂದ್ರಾಬಾಯಿ.

"ಅಯ್ಯ, ಸಂಭಾಳಸ್ರಿ," ಎಂದ ಶಂಕರೆಪ್ಪ. ಎಂದವನು ಅರ್ಧ ಹೆಜ್ಜೆ ಹಿಂದೆ ಸರಿದದ್ದನ್ನು ಇಬ್ಬರೂ ನೋಡಿದರು. ಸಣ್ಣ ಅರ್ಧ ಹೆಜ್ಜೆ. ಇಸ್ಮತ ಆ ಹೆಜ್ಜೆಯನ್ನೇ ನೋಡುತ್ತಿದ್ದಳು. ಎಷ್ಟೋ ವರ್ಷದ ಹಿಂದೆ, ನೀರು ಕುಡಿಯದೆ ಎದ್ದ ಕಾಲುಗಳು ನೆನಪಾದವೇನೋ. ಆಗ ಅವಳ ತಾಯಿ ಒಬ್ಬಳೇ ಹಾಸಿಗೆಯಲ್ಲಿದ್ದಳು.

ಕಿಟಕಿಯೊಳಗಿನ ಹುಡುಗಿ ಪೆನ್ನು ಎತ್ತಿ, ರೋಗಿ ಯಾರು ಎಂದು ಮರಾಠಿಯಲ್ಲಿ ಕೇಳಿದಳು, "ಪೇಶಂಟ ಕೋಣ?"

"ಮೀ," ಎಂದಳು ಇಂದ್ರಾಬಾಯಿ, ನಾನು ಎಂದು.

ಸೆರಗು ಹಿಡಿದಿದ್ದ ಕೈ ಸಡಿಲಾಯಿತು. ಇಸ್ಮತ ಅವಳ ಪಕ್ಕಕ್ಕೆ ಬಂದು, ಕಿಟಕಿಗೆ ಮುಖ ಕೊಟ್ಟು ನಿಂತಳು.

"ದೋಘೀ," ಎಂದಳು. ಇಬ್ಬರೂ. ಶಂಕರೆಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ. "ಜ್ವರ ನನ್ನವು. ಇಕೀದು ಬರೇ ಹೆಸರು."

ಹುಡುಗಿಗೆ ಕನ್ನಡ ತಿಳಿಯಲಿಲ್ಲ. ಎರಡು ಚೀಟಿ ಹರಿದು ಎರಡು ಹೆಸರು ಬರೆದಳು. ಕಫ ಹಿಡಿಯಲು ಎರಡು ಸಣ್ಣ ಡಬ್ಬಿ ಮುಂದೆ ತಳ್ಳಿ, ಅಂಗಳದ ಬೇವಿನ ಗಿಡದ ಕಡೆ ಕೈ ಮಾಡಿದಳು.

ಅಲ್ಲಿ ನೆರಳಿನ ಕಟ್ಟೆಯ ಮೇಲೆ ಕೂತಾಗ ಇಂದ್ರಾಬಾಯಿಯ ಎದೆಯಿಂದ ಆ ಬಿಸಿ ಎದ್ದಿತು. ಕುತ್ತಿಗೆಗೆ ಬಂತು, ಕಿವಿಗೆ ಬಂತು. ಇಸ್ಮತ ತನ್ನ ಚೀಟಿಯನ್ನು ಮಡಚಿ ಅವಳಿಗೆ ಗಾಳಿ ಬೀಸುತ್ತ, ಇನ್ನೊಂದು ಕೈಯಲ್ಲಿ ಡಬ್ಬಿ ಎತ್ತಿ ತಿರುಗಿಸಿ ನೋಡಿದಳು.

"ನೋಡ ಇಂದ್ರಕ್ಕಾ, ಉಪ್ಪಿನಕಾಯಿ ಡಬ್ಬಿ ಇದ್ದಂಗ ಐತಿ. ಮೊದಲ ಯಾರು? ನೀನೋ, ನಾನೋ?"